ಹಳೆಯ ಮೋಟಾರು ಸೈಕಲ್ಲಿನ ಕೈಫಿಯತ್ತು

ಅರಸೀಕೆರೆಯ ತೆಂಗಿನ ಸೀಮೆಯಿಂದ ಹಳೇಬೀಡು, ಬೇಲೂರುಗಳ ಕಡೆಗೆ ಸಾಗುವ ದಾರಿಗಳಲ್ಲಿ ಮೋಟಾರು ಸೈಕಲ್ಲು ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಬೆಳಗಿನ ಹಾಲಿನ ಕ್ಯಾನನ್ನು ಡೈರಿಗೆ ಮುಟ್ಟಿಸುವುದೂ, ಗೊಬ್ಬರದ ಚೀಲವನ್ನು ಹೊಲಕ್ಕೆ ಒಯ್ಯುವುದೂ, ರಾತ್ರಿಯ ರೈಲಿಗೆ ಹೊರಟವರನ್ನು ಅರಸೀಕೆರೆಯ ಜಂಕ್ಷನ್ನಿಗೆ ತಲುಪಿಸುವುದೂ ಅದರ ಪಾಲಿನ ಕೆಲಸಗಳೇ ಆಗಿವೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಒಬ್ಬರು ಓಡಿಸಿ ಬಿಟ್ಟುದನ್ನು ಇನ್ನೊಬ್ಬರು ಕೊಳ್ಳುವುದು ವಾಡಿಕೆ. ಕೊಳ್ಳುವವನು ಬಣ್ಣವನ್ನು ನೋಡುತ್ತಾನೆ. ಒಂದು ಸುತ್ತು ಓಡಿಸುತ್ತಾನೆ. ಮಾರುವವನ ಮಾತನ್ನು ಕೇಳುತ್ತಾನೆ. ಬಣ್ಣವನ್ನು ಒಂದೇ ದಿನದಲ್ಲಿ ಬಳಿಯಬಹುದು. ಮಾತಿಗಂತೂ ಖರ್ಚೇ ಇಲ್ಲ. ಕೂಡಿಟ್ಟ ಹಣವನ್ನೆಲ್ಲ ಸುರಿದು ತಂದ ಗಾಡಿ ಮೂರನೆಯ ತಿಂಗಳಿಗೇ ಎಂಜಿನ್ನು ಬಿಚ್ಚಿಸಿಕೊಂಡರೆ ಹೋಗುವುದು ಹಣ. ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಹೋಗುವುದು ಹಣ ಮಾತ್ರವಲ್ಲ. ಹೀಗಿರುವಾಗ ಗಾಡಿಯ ಹಿಂದಿನ ನಡತೆಯನ್ನು ಅರಿಯಲು ಅದರ ತಪಾಸಣೆಯ ಕಾಗದಪತ್ರಗಳು ಎಷ್ಟರ ಮಟ್ಟಿಗೆ ನೆರವಾದಾವು ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಬೇಲೂರು, ಹಳೇಬೀಡು, ಅರಸೀಕೆರೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಶಾಸನವನ್ನು ಓದುವ ವಿದ್ವಾಂಸನು ಕಲ್ಲಿನ ಮೇಲೆ ಇದ್ದ ಮಾತ್ರಕ್ಕೆ ಒಂದು ಮಾತನ್ನು ನಂಬಿಬಿಡುವುದಿಲ್ಲ. ಶಕವರ್ಷಕ್ಕೂ ಸಂವತ್ಸರಕ್ಕೂ, ತಿಥಿಗೂ ವಾರಕ್ಕೂ ಹೊಂದಿಕೆಯುಂಟೆ, ಅಕ್ಷರಗಳ ರೂಪ ಆ ಕಾಲಕ್ಕೆ ತಕ್ಕುದೆ, ಯಾವ ಸಾಲು ಸವೆದು ಅಳಿದಿದೆ ಎಂಬುದನ್ನೆಲ್ಲ ಪರೀಕ್ಷಿಸುತ್ತಾನೆ. ಮೋಟಾರು ಸೈಕಲ್ಲಿನ ದಾಖಲೆಯನ್ನು ಓದುವುದಕ್ಕೂ ಈ ಕ್ರಮವೇ ಬೇಕು.

ಮೊದಲು ತಿಳಿಯಬೇಕಾದುದು, ನಮ್ಮಲ್ಲಿ ಈ ದಾಖಲೆ ಬಹಳ ತೆಳುವಾದುದು ಎಂಬ ಸಂಗತಿ. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಮೋಟಾರು ಸೈಕಲ್ಲಿನ ನೋಂದಣಿ 15 ವರ್ಷಗಳ ಕಾಲ ನಡೆಯುತ್ತದೆ. ಅನಂತರ ವಾಹನವನ್ನು ಸಾರಿಗೆ ಕಚೇರಿಯಲ್ಲಿ ಪರೀಕ್ಷೆಗೆ ಒಪ್ಪಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಲಾರಿ, ಬಸ್ಸು, ಆಟೋರಿಕ್ಷಾಗಳಂತೆ ನಿಯತಕಾಲಕ್ಕೆ ಎಫ್.ಸಿ. ಮಾಡಿಸುವ ಕಟ್ಟು ಅದಕ್ಕಿಲ್ಲ. ಎಂದರೆ, ಹಾಸನದ ನೋಂದಣಿಯಾದ ಕೆಎ-13 ಸಂಖ್ಯೆಯ ಹನ್ನೆರಡು ವರ್ಷದ ಗಾಡಿಯೊಂದರ ಬ್ರೇಕನ್ನು, ಅದು ಹೊಸದಾಗಿದ್ದ ದಿನದ ತರುವಾಯ ಯಾವ ಅಧಿಕಾರಿಯೂ ಮುಟ್ಟಿ ನೋಡಿರದಿರುವುದು ಸಾಧ್ಯ. ಆರ್.ಸಿ. ಊರ್ಜಿತವಾಗಿದೆ ಎಂಬ ಒಂದೇ ಕಾರಣದಿಂದ ಗಾಡಿಯೂ ಗಟ್ಟಿಯಾಗಿದೆ ಎಂದು ತಿಳಿಯುವುದು ಸಲ್ಲದು.

ಇಷ್ಟಾದರೂ ಕೊಳ್ಳುವವನು ಬರಿಗೈಯವನಲ್ಲ. ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಪ್ರತಿಯೊಂದು ಗಾಡಿಗೂ ಹೊಗೆ ತಪಾಸಣೆಯ ಪತ್ರ ಇರಬೇಕು. ಹಳೆಯ ಗಾಡಿಗಳಿಗೆ ಅದು ಆರು ತಿಂಗಳಿಗೊಮ್ಮೆ, ಬಿ.ಎಸ್.-4 ಮತ್ತು ಅನಂತರದವುಗಳಿಗೆ ವರ್ಷಕ್ಕೊಮ್ಮೆ. ಪೊಲೀಸರಿಗೆ ತೋರಿಸುವುದಕ್ಕೆಂದು ಮಾತ್ರ ಜನ ಇದನ್ನು ಇಟ್ಟುಕೊಳ್ಳುತ್ತಾರೆ, ಓದುವವರು ವಿರಳ. ಓದಿದರೆ ಅದರಲ್ಲಿ ಎರಡು ಅಂಕಿಗಳು ಕಾಣುತ್ತವೆ. ಕಾರ್ಬನ್ ಮಾನಾಕ್ಸೈಡ್ ಎಂಬುದು ಗಾಳಿ ಸಾಲದೆ ಅರೆಬರೆಯಾಗಿ ಉರಿದ ಪೆಟ್ರೋಲಿನ ಗುರುತು. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದರೆ, ಕಾರ್ಬ್ಯುರೇಟರು ಹದ ತಪ್ಪಿದರೆ ಅದು ಏರುತ್ತದೆ. ಹೈಡ್ರೋಕಾರ್ಬನ್ ಎಂಬುದು ಉರಿಯದೆಯೇ ಹೊರಬಿದ್ದ ಇಂಧನ. ಸ್ಪಾರ್ಕ್ ಪ್ಲಗ್ಗು ಕಿಡಿ ತಪ್ಪಿಸುತ್ತಿದ್ದರೆ, ವಾಲ್ವು ಸರಿಯಾಗಿ ಮುಚ್ಚದಿದ್ದರೆ, ಪಿಸ್ಟನ್ ರಿಂಗು ಸವೆದು ಆಯಿಲ್ಲು ಒಳಕ್ಕೆ ನುಗ್ಗುತ್ತಿದ್ದರೆ ಅದು ಹೆಚ್ಚುತ್ತದೆ. 2000ದ ಮಾರ್ಚ್ 31ರ ಬಳಿಕ ತಯಾರಾದ, ಬಿ.ಎಸ್.-4ಕ್ಕಿಂತ ಹಿಂದಿನ ನಾಲ್ಕು ಹೊಡೆತದ ಎಂಜಿನ್ನಿನ ಗಾಡಿಗೆ ಇವುಗಳ ಮಿತಿ ಶೇಕಡಾ 3.5 ಹಾಗೂ ಹತ್ತು ಲಕ್ಷದಲ್ಲಿ 4500 ಭಾಗ.

ಒಂದು ಗಾಡಿಯ ನಾಲ್ಕು ಪತ್ರಗಳಲ್ಲಿ ಹೈಡ್ರೋಕಾರ್ಬನ್ನಿನ ಅಂಕಿ ಕ್ರಮವಾಗಿ 600, 900, 1800, 3200 ಎಂದು ಇದೆಯೆಂದು ಇಟ್ಟುಕೊಳ್ಳೋಣ. ನಾಲ್ಕೂ ಬಾರಿ ಗಾಡಿ ತೇರ್ಗಡೆಯಾಗಿದೆ. ಆದರೂ ಎರಡು ವರ್ಷಗಳೊಳಗಾಗಿ ಅಂಕಿ ಐದು ಪಟ್ಟು ಮೀರಿ ಬೆಳೆದಿದೆ. ಎಂಜಿನ್ನಿನೊಳಗೆ ಏನೋ ಸವೆಯುತ್ತಿದೆ. ಐದನೆಯ ಪತ್ರದಲ್ಲಿ ಅದು ಥಟ್ಟನೆ 700ಕ್ಕೆ ಇಳಿದಿದ್ದರೆ ರಿಪೇರಿಯಾಗಿರಬೇಕು. ಮೆಕ್ಯಾನಿಕ್ಕಿನ ಬಿಲ್ಲು ಎಲ್ಲಿ ಎಂದು ಕೇಳಬೇಕು. ಇನ್ನೊಂದು ಬಗೆಯ ಗಾಡಿಯೂ ಉಂಟು: ಆರು ಪತ್ರಗಳಲ್ಲಿಯೂ ಒಂದೇ ಅಂಕಿ, ಒಂದು ಭಾಗವೂ ಹೆಚ್ಚಿಲ್ಲ, ಕಡಮೆಯಿಲ್ಲ. ನಿಜವಾಗಿ ಓಡುವ ಎಂಜಿನ್ನು ಅಷ್ಟೊಂದು ನಿಷ್ಠೆಯಿಂದ ನಡೆದುಕೊಳ್ಳುವುದಿಲ್ಲ!

ದಾಖಲೆ ದಟ್ಟವಾಗಿದ್ದರೆ ಏನೇನನ್ನು ಓದಬಹುದೆಂಬುದಕ್ಕೆ ಬ್ರಿಟನ್ ಒಳ್ಳೆಯ ನಿದರ್ಶನ. ಅಲ್ಲಿ ವಾಹನಗಳ ಕಡ್ಡಾಯ ಪರೀಕ್ಷೆ 1960ರಲ್ಲಿ, ಹತ್ತು ವರ್ಷ ಮೀರಿದವುಗಳಿಗೆಂದು ಆರಂಭವಾಯಿತು. ಈಗ ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಮೋಟಾರು ಸೈಕಲ್ಲು ಪ್ರತಿವರ್ಷವೂ ಪರೀಕ್ಷೆಗೆ ನಿಲ್ಲಬೇಕು. ತೇರ್ಗಡೆಯಾಯಿತೋ ಇಲ್ಲವೋ ಎಂಬುದಲ್ಲದೆ, ಆ ದಿನ ಮೀಟರು ತೋರಿದ ಮೈಲಿಯನ್ನೂ, ಗಮನಿಸಬೇಕಾದ ಸಣ್ಣ ದೋಷಗಳನ್ನೂ ಬರೆದಿಡುತ್ತಾರೆ. ಗಾಡಿಯ ಸಂಖ್ಯೆ ತಿಳಿದ ಯಾರೇ ಆಗಲಿ ಅದನ್ನು ನೋಡಬಹುದು. ಒಂದು ವರ್ಷ 21,000 ಎಂದಿದ್ದ ಮೀಟರು ಮರುವರ್ಷ 17,000 ಎಂದರೆ, ಒಂದೋ ಮೀಟರನ್ನು ಬದಲಾಯಿಸಿದ್ದಾರೆ, ಇಲ್ಲವೆ ತಿರುಗಿಸಿದ್ದಾರೆ. ಮುಂದಿನ ಟೈರು ಸವೆದಿದೆ ಎಂಬ ಎಚ್ಚರಿಕೆ ಎರಡು ವರ್ಷ ಒಂದೇ ಸಮನೆ ಬಂದಿದ್ದರೆ, ಅದು ಗಾಡಿಯ ದೋಷಕ್ಕಿಂತ ಒಡೆಯನ ಉದಾಸೀನತೆಯನ್ನು ಹೇಳುತ್ತದೆ. ಟೈರನ್ನೇ ಲೆಕ್ಕಿಸದವನು ಆಯಿಲ್ಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿಯಾನೆ?

ನಪಾಸಾದ ಗಾಡಿಯೆಲ್ಲ ಕೆಟ್ಟದ್ದೆಂದು ತಿಳಿಯುವುದೂ ಅವಸರದ ತೀರ್ಮಾನವೇ. ಟೈರು, ಬ್ರೇಕ್ ಶೂ, ಚೈನು, ಬಲ್ಬು ಇವು ಸವೆಯುವುದಕ್ಕೆಂದೇ ಇರುವ ವಸ್ತುಗಳು. ಸವೆದವು, ಬದಲಾದವು, ಅಷ್ಟೆ. ಫೋರ್ಕಿನಿಂದ ಆಯಿಲ್ಲು ಸೋರುವುದು, ಚಾಸಿಗೆ ತುಕ್ಕು ಹಿಡಿಯುವುದು, ಹ್ಯಾಂಡಲಿನ ಬೇರಿಂಗು ಸಡಿಲವಾಗುವುದು ಬೇರೆ ಜಾತಿಯ ದೋಷಗಳು. ಮೊದಲನೆಯ ಬಗೆಯಲ್ಲಿ ನಪಾಸಾಗಿ, ಎರಡೇ ದಿನದಲ್ಲಿ ಸರಿಪಡಿಸಿಕೊಂಡು ಬಂದ ಗಾಡಿಯು ಯಾವ ದಾಖಲೆಯೂ ಇಲ್ಲದ ಗಾಡಿಗಿಂತ ನಂಬಿಕೆಗೆ ಹೆಚ್ಚು ಅರ್ಹ.

ನಮ್ಮಲ್ಲಿ ಇಂಥ ಬರವಣಿಗೆ ಇಲ್ಲದುದರಿಂದ ಮೀಟರಿನ ಅಂಕಿಯನ್ನು ಗಾಡಿಯ ಮೈಗೇ ಹೋಲಿಸಬೇಕಾಗುತ್ತದೆ. ಮೀಟರು 15,000 ಕಿಲೋಮೀಟರು ಎನ್ನುತ್ತಿದ್ದು, ಕಾಲಿಡುವ ರಬ್ಬರು ನುಣ್ಣಗೆ ಸವೆದು, ಬ್ರೇಕಿನ ಪೆಡಲು ಮಿರುಗುತ್ತಿದ್ದರೆ, ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಸುಳ್ಳಾಡುತ್ತಿದ್ದಾರೆ. ಅದು ಮೀಟರೇ ಆಗಿರುವ ಸಂಭವ ಹೆಚ್ಚು. ಸರ್ವಿಸ್ ಪುಸ್ತಕವಿದ್ದರೆ ಸಂದೇಹ ಬೇಗ ತೀರುತ್ತದೆ. ಚಾಸಿಯ ಮೇಲಿನ ಸಂಖ್ಯೆ ಆರ್.ಸಿ.ಯೊಡನೆ ಅಕ್ಷರಶಃ ಹೊಂದದಿದ್ದರಂತೂ ಮುಂದಿನ ಓದೇ ಬೇಕಿಲ್ಲ.

ಶಾಸನದಲ್ಲಿ ಸಾಲು ಅಳಿದಂತೆ, ಈ ದಾಖಲೆಯಲ್ಲಿ ಒಡೆಯನೊಬ್ಬ ಅಳಿದುಹೋಗಿರುವುದೂ ಉಂಟು. ಗಾಡಿ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು ಒಂದೇ ರಾಜ್ಯದೊಳಗಿನ ಮಾರಾಟಕ್ಕೆ ಇರುವ ನಿಯಮ. ಹಲವರು ಇದನ್ನು ಮಾಡದೆಯೇ ಕೈಯಿಂದ ಕೈಗೆ ದಾಟಿಸಿಬಿಡುತ್ತಾರೆ. ಅಪಘಾತವಾದರೆ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವನ ಮೇಲೆಯೇ ಬೀಳುತ್ತದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ನೀಡಿದೆ. ಹೀಗೆ ದಾಟಿ ಬಂದ ಗಾಡಿಯಲ್ಲಿ ನಡುವಣ ಒಡೆಯನ ಕಾಲದ ಹೊಗೆಯ ಪತ್ರಗಳಾಗಲಿ, ರಿಪೇರಿಯ ಬಿಲ್ಲುಗಳಾಗಲಿ ಸಿಕ್ಕುವುದು ಅಪರೂಪ. ಅದನ್ನು ಕೊಳ್ಳಲೇಬೇಕಾದವನು ಮೊದಲು ಆರ್.ಸಿ.ಯಲ್ಲಿರುವ ಒಡೆಯನನ್ನು ಹುಡುಕಿ ಅವನಿಂದ ಸಹಿ ಪಡೆಯುತ್ತಾನೆ. ಬಳಿಕ ಆ ಮೂಕ ವರ್ಷಗಳನ್ನು ಎಣಿಸಿ, ಎಂಜಿನ್ನು ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳುತ್ತಾನೆ.