ನೀರು, ನೊರೆ ಮತ್ತು ಜಾಲತಾಣ

ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟರೊಬ್ಬ ಕಾರು ತೊಳೆಯುವ ಅಂಗಡಿಯ ವ್ಯಾಪಾರವನ್ನು ಕುರಿತು ಮಾತನಾಡಹೊರಟರೆ ಶ್ರೋತೃಗಳು ಹುಬ್ಬೇರಿಸುವುದು ಸಹಜ. ನನಗೆ ಸ್ವಂತ ಕಾರಿಲ್ಲ. ಇದ್ದ ಸ್ಕೂಟರನ್ನೂ ವೈದ್ಯರ ಮಾತಿಗೆ ಕಟ್ಟುಬಿದ್ದು ಮಾರಿದ್ದೇನೆ. ಆದರೂ ಈ ವಿಷಯ ತಾನಾಗಿಯೇ ನನ್ನ ಜಗಲಿಗೆ ನಡೆದು ಬಂತು.

ಮೈಸೂರಿನ ವರ್ತುಲ ರಸ್ತೆಯ ಬದಿಯಲ್ಲಿ ‘ವಾಟರ್ ಸರ್ವಿಸ್’ ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬ ಒಂದು ಸಂಜೆ ಬಂದು, “ಸಾರ್, ನಮ್ಮ ಅಂಗಡಿಗೆ ವೆಬ್‌ಸೈಟ್ ಮಾಡಿಸ್ತಾ ಇದ್ದೀನಿ. ಕನ್ನಡದಲ್ಲಿ ನಾಲ್ಕು ಒಳ್ಳೆ ಮಾತು ಬರೆದುಕೊಡಬೇಕು” ಎಂದ. ವೆಚ್ಚವೆಷ್ಟು ಎಂದು ವಿಚಾರಿಸಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪ್ರಚಾರವೂ ಸೇರಿ ಮೊದಲ ವರ್ಷಕ್ಕೆ 36,000 ರೂಪಾಯಿ. ಅನಂತರ ವರ್ಷಂಪ್ರತಿ 8,000. ಕೈಯಲ್ಲಿ ಅಷ್ಟು ಹಣವಿಲ್ಲ. ಹೆಂಡತಿಯ ಸರವನ್ನು ಅಡವಿಡುವ ಯೋಚನೆಯಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. “ಮೂರು ದಿನ ತಾಳಪ್ಪ” ಎಂದೆ. ಆ ಮೂರು ದಿನಗಳ ವಿಚಾರದ ಫಲವನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಪದಗಳ ಅರ್ಥವನ್ನು ಬಿಡಿಸಿಕೊಳ್ಳೋಣ. ಅದು ನನ್ನ ಹಳೆಯ ಚಾಳಿ. ಜಾಲತಾಣವೆಂದರೆ ನಾವೇ ಕಟ್ಟಿಕೊಂಡ ಮನೆಯಂತೆ. ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1989ರಲ್ಲಿ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದರ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಹೀಗಾಗಿ ಅಲ್ಲಿ ಯಾರು ಬೇಕಾದರೂ ಮನೆ ಕಟ್ಟಬಹುದು. ಆದರೆ ಮನೆಯ ಹೆಸರಿಗೂ ನಿವೇಶನಕ್ಕೂ ಕಾಲಕಾಲಕ್ಕೆ ಬಾಡಿಗೆ ತೆರಬೇಕು. ಮನೆ ಊರಾಚೆ ಇದ್ದರೆ ಅತಿಥಿಗಳು ತಾವಾಗಿ ಬರುವುದಿಲ್ಲ. ಸಾಮಾಜಿಕ ಜಾಲವಾದರೋ ಪರರ ಸಂತೆ. 2004ರಲ್ಲಿ ಹುಟ್ಟಿದ ಫೇಸ್‌ಬುಕ್, 2010ರಲ್ಲಿ ಹುಟ್ಟಿದ ಇನ್‌ಸ್ಟಾಗ್ರಾಮ್ ಎರಡರಲ್ಲಿಯೂ ಕೂಗಲು ಕಾಸು ಕೊಡಬೇಕಾಗಿಲ್ಲ. ಆದರೆ ಕೂಗು ಯಾರ ಕಿವಿಗೆ ಬೀಳಬೇಕೆಂಬುದನ್ನು ನಿರ್ಧರಿಸುವವನು ಸಂತೆಯ ಒಡೆಯ. ಅಂಗಡಿಯ ಪುಟವನ್ನು ಮೆಚ್ಚಿದವರಿಗೆಲ್ಲ ಅಂಗಡಿಯವನ ಮಾತು ತಲಪುತ್ತದೆಂಬ ಭರವಸೆ ಇಲ್ಲ. ಹೆಚ್ಚು ಜನರನ್ನು ಮುಟ್ಟಬೇಕಾದರೆ ಹಣ ತೆರಬೇಕು.

ಮೂರನೆಯದೊಂದಿದೆ, ಅದನ್ನು ನನ್ನ ಶಿಷ್ಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದು ಗೂಗಲ್ ನಕ್ಷೆಯಲ್ಲಿ ಅಂಗಡಿಗೆ ಸಿಗುವ ಸ್ಥಾನ, ದಾರಿಹೋಕನಿಗೆ ಊರು ತೋರಿಸುವ ಕೈಮರದಂಥದು. ಹೆಸರು, ದೂರವಾಣಿ, ತೆರೆದಿರುವ ವೇಳೆ, ನಾಲ್ಕು ಚಿತ್ರ, ಗಿರಾಕಿಗಳ ಅಭಿಪ್ರಾಯ ಇಷ್ಟನ್ನೂ ಅಲ್ಲಿ ಹಣವಿಲ್ಲದೆ ಇಡಬಹುದು. ಹುಡುಕಿದವನಿಗೆ ಯಾವ ಅಂಗಡಿಯನ್ನು ಮೊದಲು ತೋರಿಸಬೇಕೆಂಬುದಕ್ಕೆ ಮೂರು ಅಳತೆಗಳಿವೆಯೆಂದು ಗೂಗಲ್ ಸಂಸ್ಥೆಯೇ ಹೇಳುತ್ತದೆ: ಕೇಳಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿಯಾಗಿದೆ.

ಇನ್ನು ವ್ಯಾಪಾರದ ಸ್ವರೂಪವನ್ನು ನೋಡೋಣ. ಇಳಕಲ್ಲಿನ ಸೀರೆಯನ್ನು ಅಂಚೆಯಲ್ಲಿ ಕಳಿಸಬಹುದು. ಉಪ್ಪಿನಕಾಯಿಯನ್ನು ಅಮೆರಿಕೆಗೂ ಕಳಿಸಬಹುದು. ಕಾರು ತೊಳೆಯುವ ಕೆಲಸವನ್ನು ಹಾಗೆ ಕಟ್ಟಿ ಕಳಿಸಲಾಗದು. ಕಾರೇ ಅಂಗಡಿಗೆ ಬರಬೇಕು. ಕೆಸರು ತೊಳೆಸಲು ಹೋಗಿ ಮತ್ತೆ ಹತ್ತು ಮೈಲಿಯ ಧೂಳು ಹೊತ್ತು ಯಾರು ಮನೆಗೆ ಮರಳುತ್ತಾರೆ? ನನ್ನ ಶಿಷ್ಯನ ಗಿರಾಕಿಗಳೆಲ್ಲ ಹೆಚ್ಚುಕಡಿಮೆ ನಾಲ್ಕೈದು ಕಿಲೋಮೀಟರ್ ಸುತ್ತಳತೆಯವರು. ನೊರೆಯಲ್ಲಿ ಮಿಂದ ಕಾರಿನ ಚಲಚ್ಚಿತ್ರವನ್ನು ಬೆಳಗಾವಿಯಲ್ಲಿ ಹತ್ತು ಸಾವಿರ ಜನ ನೋಡಿ ಮೆಚ್ಚಿದರೂ ಅದು ಕನ್ನಡಿಯೊಳಗಿನ ಗಂಟೇ ಸರಿ.

ಆಮೇಲೆ ಕಾಗದ ಪೆನ್ಸಿಲು ತರಿಸಿದೆ. ಸೋಪು, ವಿದ್ಯುತ್ತು, ಕೂಲಿ, ಬಾಡಿಗೆ ಕಳೆದು ಒಂದು ಕಾರಿಗೆ ಉಳಿಯುವುದು ಸುಮಾರು 120 ರೂಪಾಯಿ. 36,000 ರೂಪಾಯಿ ಹಿಂತಿರುಗಬೇಕಾದರೆ ಹೊಸದಾಗಿ 300 ಸಲ ಕಾರು ತೊಳೆಯಬೇಕು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ತಿಂಗಳಿಗೊಮ್ಮೆ ತಪ್ಪದೆ ಬರುವ 25 ಹೊಸ ಗಿರಾಕಿಗಳು ಒಂದು ವರ್ಷ ಬಂದರೆ ಸಾಕು. ಪ್ರಶ್ನೆ ಅಷ್ಟೆ: ಆ 25 ಮಂದಿಯನ್ನು ಕರೆತರುವುದು ಜಾಲತಾಣವೇ, ಬೇರೆಯೇನೋ?

ಅಂಗಡಿಯ ಮುಂದೆ ದಿನವೂ ಹಾಯುವವನಿಗೆ ಬೋರ್ಡು ಸಾಕು. ನೆರೆಯವನಿಗೆ ನೆರೆಯವನ ಮಾತು ಸಾಕು. ಫೋನು ತೆರೆದು ಹುಡುಕುವವನು ಬೇರೆ: ಹೊಸ ಬಡಾವಣೆಗೆ ಮೊನ್ನೆ ಮೊನ್ನೆ ಬಂದವನು, ಊಟಿಗೆ ಹೋಗಿ ಬರುವ ದಾರಿಯಲ್ಲಿ ಮೈಯೆಲ್ಲ ಕೆಸರಾದ ಕಾರಿನವನು. ಇಂಥವನು ನಕ್ಷೆಯನ್ನು ನೋಡುತ್ತಾನೆ. ನಾವೂ ನೋಡಿದೆವು. ಶಿಷ್ಯನ ಅಂಗಡಿ ಅಲ್ಲಿ ಆಗಲೇ ಇತ್ತು! ಯಾರೋ ಪುಣ್ಯಾತ್ಮರು ಸೇರಿಸಿದ್ದರು. ಆದರೆ ಗುರುತು ಪಕ್ಕದ ರಸ್ತೆಯಲ್ಲಿ, ದೂರವಾಣಿ ಸಂಖ್ಯೆ ಅವನು ಎಂದೋ ಬಿಟ್ಟದ್ದು. ಅವನನ್ನೇ ಹುಡುಕಿದವರು ಎಷ್ಟು ಜನ ಎಷ್ಟು ತಿಂಗಳು ಆ ಸತ್ತ ಸಂಖ್ಯೆಗೆ ಕರೆ ಮಾಡಿದ್ದರೋ! ಹುಡುಗನ ಮುಖ ಸಣ್ಣದಾಯಿತು. ಅಂಗಡಿ ತನ್ನದೆಂದು ದೃಢಪಡಿಸಿ ಅದನ್ನು ಸರಿಪಡಿಸಲು ಒಂದು ಕಾಸೂ ಖರ್ಚಾಗಲಿಲ್ಲ.

ಇನ್ನೊಂದು ಸಂಗತಿ. ಅವನಲ್ಲಿರುವುದು ಎರಡು ರ್‍ಯಾಂಪು. ಒಂದು ಕಾರಿಗೆ ಮುಕ್ಕಾಲು ಗಂಟೆಯಂತೆ ಹತ್ತು ಗಂಟೆ ದುಡಿದರೆ 26 ಕಾರುಗಳಿಗಿಂತ ಹೆಚ್ಚು ತೊಳೆಯಲಾಗದು. ಆಯುಧಪೂಜೆಯ ಹಿಂದಿನ ದಿನ ರಸ್ತೆಯವರೆಗೆ ಸಾಲು. ಮಂಗಳವಾರ ಮಧ್ಯಾಹ್ನ ನೊಣ ಹೊಡೆಯುವ ಕೆಲಸ. ಅವನಿಗೆ ಬೇಕಾದುದು ದೊಡ್ಡ ಪ್ರಸಿದ್ಧಿಯಲ್ಲ, ಭಾನುವಾರದ ಗಿರಾಕಿಯನ್ನು ಮಂಗಳವಾರಕ್ಕೆ ತಿರುಗಿಸುವ ಉಪಾಯ. ಇದಕ್ಕೆ 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಒದಗುತ್ತದೆ. ಒಪ್ಪಿಗೆ ಕೊಟ್ಟ ಹಳೆಯ ಗಿರಾಕಿಗಳಿಗೆ ತಿಂಗಳಿಗೊಂದು ಓಲೆ, ಬರುವ ವೇಳೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಅನುಕೂಲ, ಇಷ್ಟು ಸಾಕು. ದಿನಕ್ಕೆರಡು ಸಲ ‘ಶುಭೋದಯ’ ಕಳಿಸಿದರೆ ಮಾತ್ರ ಇದ್ದ ಗಿರಾಕಿಯೂ ಓಡಿಹೋದಾನು.

ಅಭಿಪ್ರಾಯಗಳ ವಿಷಯದಲ್ಲಿ ಎಚ್ಚರ ಬೇಕು. ಹಣ ಕೊಟ್ಟರೆ ನೂರು ಹೊಗಳಿಕೆ ಬರೆಸಿಕೊಡುತ್ತೇವೆಂದು ಅವನಿಗೊಬ್ಬರು ಆಸೆ ತೋರಿಸಿದ್ದರು. ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ. ನಮ್ಮ ದೇಶದಲ್ಲಿಯೂ ಇಂಥ ಅಭಿಪ್ರಾಯಗಳ ಪ್ರಾಮಾಣಿಕತೆಗಾಗಿ 2022ರಲ್ಲಿ ಭಾರತೀಯ ಮಾನಕ ಸಂಸ್ಥೆ ಒಂದು ಮಾನದಂಡವನ್ನು ಪ್ರಕಟಿಸಿದೆ. ಬಾಗಿಲಿನ ಮೇಲೆ ಗೀರು ಬಿತ್ತೆಂದು ಒಬ್ಬರು ಒಂದೇ ನಕ್ಷತ್ರ ಕೊಟ್ಟಿದ್ದರು. ಶಿಷ್ಯ ಕಿಡಿಕಾರುವ ಉತ್ತರ ಸಿದ್ಧಪಡಿಸಿದ್ದ. “ಗೀರು ಬಿದ್ದದ್ದು ನಿಜವೋ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಜ ಸಾರ್, ಹುಡುಗ ಕೊಳೆ ಬಟ್ಟೆಯಲ್ಲಿ ಒರೆಸಿಬಿಟ್ಟ” ಎಂದ. ಹಾಗಾದರೆ ಅದನ್ನೇ ಬರೆ, ಪಾಲಿಶ್ ಮಾಡಿಕೊಡುತ್ತೇನೆಂದು ಸೇರಿಸು ಎಂದೆ. ಬರೆದ. ಆ ಗಿರಾಕಿ ಮತ್ತೆ ಬಂದರು.

ನೀರಿನ ಮಾತನ್ನೂ ಮರೆಯಬಾರದು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನೀರು ಎಲ್ಲಿಂದ ಬರುತ್ತದೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಗಿರಾಕಿ ಕೇಳುವ ಕಾಲ ಇದು. ಹೇಳಿಕೊಳ್ಳಲು ಒಳ್ಳೆಯ ಉತ್ತರವಿದ್ದರೆ ಅದೇ ಉತ್ತಮ ಜಾಹೀರಾತು.

ಹಾಗಾದರೆ ಜಾಲತಾಣ ವ್ಯರ್ಥವೆ? ಹಾಗೆನ್ನಲಾರೆ. ನಾಳೆ ಎರಡನೆಯ ಅಂಗಡಿ ತೆರೆದರೆ, ಕಂಪನಿಗಳ ಹತ್ತಾರು ಕಾರುಗಳ ಗುತ್ತಿಗೆ ಹಿಡಿಯಹೊರಟರೆ, ಮನೆಬಾಗಿಲಿಗೇ ಹೋಗಿ ತೊಳೆಯುವ ಏರ್ಪಾಡು ಮಾಡಿದರೆ, ಆಗ ವಿವರಗಳಿಗೊಂದು ಸ್ವಂತ ಮನೆ ಬೇಕು. ಹಾಸಿಗೆ ಉದ್ದವಾದ ಮೇಲೆ ಕಾಲು ಚಾಚುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ ಒಂದು ನೋಟ್‌ಪುಸ್ತಕ ಇಡು, ಹೊಸ ಗಿರಾಕಿ ಬಂದಾಗಲೆಲ್ಲ ‘ನಮ್ಮ ಅಂಗಡಿ ಹೇಗೆ ತಿಳಿಯಿತು?’ ಎಂದು ಕೇಳಿ ಬರೆ ಎಂದೆ. ಮೂರು ತಿಂಗಳ ಮೇಲೆ ತಂದು ತೋರಿಸಿದ. ಬೋರ್ಡು ನೋಡಿ ಬಂದವರೇ ಹೆಚ್ಚು. ಆಮೇಲೆ ಗುರುತಿನವರು ಹೇಳಿ ಬಂದವರು. ಅವರ ಹಿಂದೆಯೇ ನಕ್ಷೆ ನೋಡಿ ಬಂದವರು. ಇನ್‌ಸ್ಟಾಗ್ರಾಮ್ ನೋಡಿ ಬಂದವನು ಒಬ್ಬನೇ, ಅವನ ಸ್ವಂತ ಭಾವಮೈದುನ. ಅವನಿಂದ ದುಡ್ಡು ತೆಗೆದುಕೊಂಡಿರಲಿಲ್ಲ.

ಅವನು ಕೇಳಿದ ನಾಲ್ಕು ಮಾತುಗಳನ್ನು ನಾನು ಬರೆದುಕೊಟ್ಟೆ. ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ದರವೆಷ್ಟು, ಮಂಗಳವಾರ ಎಷ್ಟು ಕಡಿಮೆ ಎಂಬುದಷ್ಟೇ ಅದರಲ್ಲಿದೆ. ನಲವತ್ತು ವರ್ಷ ಕಾವ್ಯಮೀಮಾಂಸೆ ಓದಿದವನು ಬರೆದದ್ದು ಅಷ್ಟೇ ಸರಳ. ಈಚೆಗೆ ಅವನ ಹೆಂಡತಿ ಮಗುವಿನ ನಾಮಕರಣಕ್ಕೆ ಕರೆಯಲು ಬಂದಿದ್ದಳು. ಸರ ಕೊರಳಲ್ಲೇ ಇತ್ತು.