ರೂಟರ್‌ನ ಸಮ್ಮರಿ, ರೂಟರ್‌ನ ಕೀ: ನಂಬಿದ್ದೇನು, ನಿಜವೇನು

ದೆಹಲಿಯಲ್ಲಿ ಅಂಚೆ ವಿಂಗಡಿಸುವವರಿಗೆ ಅಕ್ಕಲಕೋಟೆ ಎಲ್ಲಿದೆಯೆಂದು ಗೊತ್ತಿರಬೇಕಿಲ್ಲ. 413216ರ ಮೊದಲ ಮೂರು ಅಂಕಿ ನೋಡಿ ಕಾಗದವನ್ನು ಸೊಲ್ಲಾಪುರದ ಕಡೆಗೆ ಹಾಕಿದರೆ ಸಾಕು, ಉಳಿದ ಮೂರನ್ನು ಇಲ್ಲಿನವರು ನೋಡಿಕೊಳ್ಳುತ್ತಾರೆ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡಿನ ಈ ಜಾಣತನವೇ, ಹಲವು ಜಾಲಗಳ ದಾರಿಯನ್ನು ಒಂದೇ ಸಾಲಿನಲ್ಲಿ ಹೇಳುವ ರೂಟರ್‌ಗಳ ‘ರೂಟ್ ಸಮ್ಮರೈಸೇಶನ್’ನಲ್ಲೂ ಇದೆ. ನಮ್ಮ ಗಡಿಭಾಗದ ಹುಡುಗರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಈ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಕಮಾಂಡ್ ಬಾಯಿಪಾಠವಾಗುತ್ತದೆ, ಅದರ ಅರ್ಥ ಮಾತ್ರ ಎಷ್ಟೋ ಸಲ ತಪ್ಪಾಗಿ ಕೂತುಬಿಡುತ್ತದೆ.

‘ಸಮ್ಮರಿಯನ್ನು ರೂಟರ್ ತಾನೇ ಸರಿಯಾಗಿ ಮಾಡಿಕೊಳ್ಳುತ್ತದೆ’

ಮಾಡಿಕೊಳ್ಳುತ್ತದೆ ನಿಜ, ಸರಿಯಾಗಿ ಅಲ್ಲ. ಸೊಲ್ಲಾಪುರದ ಕಚೇರಿ 10.10.0.0/24, ಅಕ್ಕಲಕೋಟೆಯ ಶಾಖೆ 10.20.0.0/24, ನಡುವಿನ ಲಿಂಕ್ 192.168.1.0/30 ಎಂದಿಟ್ಟುಕೊಳ್ಳಿ. ರೂಟರ್‌ಗಳು ದಾರಿ ಹಂಚಿಕೊಳ್ಳುವ ಇಐಜಿಆರ್‌ಪಿ ಪ್ರೋಟೋಕಾಲಿನಲ್ಲಿ ಆಟೋ ಸಮ್ಮರಿ ಚಾಲೂ ಇದ್ದರೆ ಎರಡೂ ರೂಟರ್‌ಗಳು ‘10.0.0.0/8 ಇಡೀ ನನ್ನದೇ’ ಎಂದು ಒಂದಕ್ಕೊಂದು ಸಾರುತ್ತವೆ. ತನ್ನದೇ ಅಂದಮೇಲೆ ಇನ್ನೊಬ್ಬರ ಮಾತು ಯಾಕೆ ಕೇಳೀತು? ನೆರೆಯ ರೂಟರ್ ಕಾಣುತ್ತದೆ, ಪಿಂಗ್ ಮಾತ್ರ ಹೋಗುವುದಿಲ್ಲ. ಸಿಸ್ಕೋದ ಐಒಎಸ್ 15ರಿಂದ ಇಐಜಿಆರ್‌ಪಿಯಲ್ಲಿ ಇದು ತಾನಾಗಿ ಚಾಲೂ ಇರುವುದಿಲ್ಲ. ಹಳೆಯ ಡಬ್ಬಿಗಳಲ್ಲಿ ‘ನೋ ಆಟೋ ಸಮ್ಮರಿ’ ಎಂದು ನೀವೇ ಬರೆಯಬೇಕು.

‘ಪಟ್ಟಿಯಲ್ಲಿ ನಲ್ ಝೀರೋ ಕಂಡರೆ ಏನೋ ಕೆಟ್ಟಿದೆ’

ಇದನ್ನು ನಂಬಿ ಸಮ್ಮರಿಯನ್ನೇ ಅಳಿಸಿದವರಿದ್ದಾರೆ. ಅಕ್ಕಲಕೋಟೆ 10.20.0.0, ಮೈಂದರ್ಗಿ 10.20.1.0, ದುಧನಿ 10.20.2.0 ಎಂದಿರಲಿ. ಮೂರನ್ನೂ ಸೇರಿಸಿ 10.20.0.0/22 ಎಂದು ಸೊಲ್ಲಾಪುರದ ರೂಟರ್ ಮೇಲಕ್ಕೆ, ಪುಣೆಯ ರೂಟರ್‌ಗೆ, ಸಾರುತ್ತದೆ. /22ರಲ್ಲಿ ನಾಲ್ಕು ಮನೆ, ತುಂಬಿದ್ದು ಮೂರು. ಯಾರೋ 10.20.3.5ಕ್ಕೆ ಪ್ಯಾಕೆಟ್ ಕಳಿಸಿದರು. ಸೊಲ್ಲಾಪುರಕ್ಕೆ ಆ ದಾರಿ ಗೊತ್ತಿಲ್ಲ, ಡೀಫಾಲ್ಟ್ ರೂಟ್ ಹಿಡಿದು ಮೇಲಕ್ಕೇ ಒಗೆಯುತ್ತದೆ. ಮೇಲಿನದು ‘/22 ನಿಂದೇ ಅಲ್ಲವೇ’ ಎಂದು ಕೆಳಗೆ ಒಗೆಯುತ್ತದೆ. ಪ್ಯಾಕೆಟ್ಟಿನ ಆಯುಷ್ಯವಾದ ಟಿಟಿಎಲ್ ತೀರುವವರೆಗೂ ಇದೇ ಹಗ್ಗಜಗ್ಗಾಟ. ಸೊಲ್ಲಾಪುರದ ಪಟ್ಟಿಯಲ್ಲಿ ಇಡೀ /22 ಅನ್ನು ನಲ್ ಝೀರೋಗೆ, ಅಂದರೆ ಕಸದ ಬುಟ್ಟಿಗೆ, ತೋರಿಸುವ ಸಾಲು ಇದ್ದರೆ ಪ್ಯಾಕೆಟ್ ಮೊದಲ ಸಲವೇ ಅಲ್ಲಿ ಬಿದ್ದುಹೋಗುತ್ತದೆ. ಅದು ಕಾವಲು, ಕಾಯಿಲೆಯಲ್ಲ.

‘ಮೂರು ಶಾಖೆಗೆ ಸಮ್ಮರಿ ಯಾಕೆ’ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ದುಧನಿಯ ಲಿಂಕ್ ಹೋಗಿ ಬಂದು ಮಾಡಿದರೂ ಉಳಿದೊಂದು ಶಾಖೆ ಇರುವ ತನಕ ಸಮ್ಮರಿ ಅಲುಗುವುದಿಲ್ಲ, ಆ ಗದ್ದಲ ಪುಣೆಯವರೆಗೆ ಮುಟ್ಟುವುದಿಲ್ಲ.

ಇನ್ನೊಂದು ಮಾತು. ಸಮ್ಮರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಪಿನ್‌ಕೋಡಿನ 413ರಲ್ಲಿ ಪುಣೆ ಜಿಲ್ಲೆಯ ಬಾರಾಮತಿಯೂ ಇದೆ, ಲಾತೂರೂ ಇದೆ. ನಮ್ಮ ಮಗ್ಗುಲಲ್ಲೇ ಇರುವ ಆಳಂದ 585302. ಭೂಪಟ ನೋಡಿ ವಿಳಾಸ ಹಂಚಬೇಡಿ, ಅಂಕಿ ಅಂಟಿಕೊಂಡಿರುವಂತೆ ಹಂಚಿ.

‘ಅಥೆಂಟಿಕೇಶನ್ ಹಾಕಿದರೆ ಯಾರೂ ಓದಲಾರರು’

ಓದಬಲ್ಲರು. ರೂಟರ್‌ಗಳು ದಾರಿ ಸಾರುವ ಪ್ಯಾಕೆಟ್‌ಗೆ ಎಂಡಿ5 ಕೀ ಹಾಕಿದರೆ ಅದು ಮೊಹರು ಒತ್ತಿದ ಪೋಸ್ಟ್‌ಕಾರ್ಡಿನ ಹಾಗೆ. ಕಳಿಸಿದವರ ಬಳಿ ಕೀ ಇದೆ, ನಡುವೆ ಯಾರೂ ತಿದ್ದಿಲ್ಲ ಎಂದಷ್ಟೇ ಮೊಹರು ಹೇಳುತ್ತದೆ. ಬರೆದದ್ದು ಎಲ್ಲರಿಗೂ ಕಾಣುತ್ತದೆ.

ಹೇಳಿದ್ದು ಸತ್ಯವೇ ಎಂದೂ ಅದು ನೋಡುವುದಿಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ 208.65.153.0/24 ತನ್ನದೆಂದು ಸಾರಿತು. ಯೂಟ್ಯೂಬ್ ಸಾರಿದ್ದು 208.65.152.0/22. ಹೆಚ್ಚು ನಿಖರವಾದ ದಾರಿಯೇ ಗೆಲ್ಲುವುದು ನಿಯಮ, ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ನಿಂತೇಹೋಯಿತು. ಅದು ಇಂಟರ್ನೆಟ್ಟಿನ ದೊಡ್ಡ ಜಾಲಗಳ ನಡುವೆ ನಡೆಯುವ ಬಿಜಿಪಿಯ ಸಂಗತಿ, ಆದರೆ ಪಾಠ ಎಲ್ಲ ಪ್ರೋಟೋಕಾಲಿಗೂ ಒಂದೇ. ಸುಳ್ಳು ದಾರಿಯನ್ನು ದಾಟಿಸಿದ್ದು ನಿಜವಾದ ನೆರೆಯವನೇ, ಕೀ ಅದನ್ನು ತಡೆಯಲಾರದು. ಅದಕ್ಕೆ ಬೇರೆ ಫಿಲ್ಟರ್ ಬೇಕು.

‘ಎರಡೂ ಕಡೆ ಪಾಸ್‌ವರ್ಡ್ ಒಂದೇ ಇದ್ದರೆ ಸಾಕು’

ಇಐಜಿಆರ್‌ಪಿಯಲ್ಲಿ ಕೀಯ ನಂಬರೂ ಒಂದೇ ಇರಬೇಕು, ಕೀಗಳನ್ನು ಕೂಡಿಸಿಡುವ ಕೀ ಚೈನಿನ ಹೆಸರು ಬೇರೆಯಿದ್ದರೂ ನಡೆಯುತ್ತದೆ. ಪಾಸ್‌ವರ್ಡಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗವೂ ಒಂದು ಅಕ್ಷರವೇ. ಕಣ್ಣಿಗೆ ಕಾಣದ ಈ ಅಕ್ಷರ ಇಡೀ ಮಧ್ಯಾಹ್ನ ತಿನ್ನುತ್ತದೆ. ಕೀಗೆ ಅವಧಿ ಹಾಕಿದ್ದರೆ ಗಡಿಯಾರವೂ ಹೊಂದಬೇಕು. ಬ್ಯಾಟರಿ ಗಡಿಯಾರವಿಲ್ಲದ ಹಳೆಯ ಸಿಸ್ಕೋ ರೂಟರ್ ಕರೆಂಟ್ ಹೋಗಿ ಬಂದರೆ 1993ರ ಮಾರ್ಚ್ 1ರಿಂದ ಎಣಿಸತೊಡಗುತ್ತದೆ. ಆ ದಿನಕ್ಕೆ ನಿಮ್ಮ ಕೀ ಇನ್ನೂ ಹುಟ್ಟೇ ಇಲ್ಲ! ಸಣ್ಣ ಜಾಲಕ್ಕೆ ಅವಧಿಯಿಲ್ಲದ ಒಂದು ಗಟ್ಟಿ ಕೀ ಮೇಲು. ಅವಧಿ ಹಾಕಲೇಬೇಕಾದರೆ ಮೊದಲು ಶಾಖೆಯ ರೂಟರ್ ಎಷ್ಟು ಗಂಟೆ ತೋರಿಸುತ್ತಿದೆ ನೋಡಿಕೊಂಡು ಬನ್ನಿ.