ಕವಲುಬಾಲದ ಚಿಟ್ಟೆಗಳ ಲಕ್ಷಣವಿಚಾರ

ಒಂದು ವಸ್ತುವನ್ನು ಇದು ಇಂಥದೆಂದು ನಿರ್ಣಯಿಸಬೇಕಾದರೆ ಅದಕ್ಕೆ ನಿರ್ದುಷ್ಟವಾದ ಲಕ್ಷಣವು ಅವಶ್ಯ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಲ್ಲದ ಧರ್ಮವೇ ಲಕ್ಷಣವೆಂದು ತಾರ್ಕಿಕರ ಮತ. ಈ ನಿಯಮವು ಶಾಸ್ತ್ರಗ್ರಂಥಗಳಿಗೆ ಮಾತ್ರ ಸಲ್ಲತಕ್ಕುದೆಂದು ಭಾವಿಸಬೇಕಾಗಿಲ್ಲ. ಸಂಗ್ರಹಾಲಯಗಳಲ್ಲಿ ಸೂಜಿ ಚುಚ್ಚಿ ಇರಿಸಿದ ಚಿಟ್ಟೆಗಳನ್ನು ವಿಂಗಡಿಸುವವರಿಗೂ ಇದೇ ದಾರಿದೀಪ. ಇದನ್ನು ಮರೆತ ಕಡೆ ದೊಡ್ಡ ವಿದ್ವಾಂಸರೂ ಎಡವಿದುದುಂಟು.

ಕವಲುಬಾಲದ ಚಿಟ್ಟೆಗಳೆಂಬ ಕುಲವನ್ನೇ ತೆಗೆದುಕೊಳ್ಳಬಹುದು. ಹಿಂದಿನ ರೆಕ್ಕೆಯ ತುದಿಯಲ್ಲಿ ಬಾಲವಿರುವುದೇ ಈ ಕುಲದ ಲಕ್ಷಣವೆಂದು ಹೆಸರಿನಿಂದ ತೋರುತ್ತದೆ. ಆದರೆ ನಿಂಬೆಯ ಗಿಡದಲ್ಲಿ ಬೆಳೆಯುವ ನಿಂಬೆ ಚಿಟ್ಟೆಯು ಈ ಕುಲದ್ದೇ ಆಗಿದ್ದರೂ ಅದಕ್ಕೆ ಬಾಲವಿಲ್ಲ, ಇದು ಅವ್ಯಾಪ್ತಿ. ಬೇರೆ ಕುಲಕ್ಕೆ ಸೇರಿದ ಪುಟ್ಟ ನೀಲಿ ಚಿಟ್ಟೆಗಳಲ್ಲಿ ಅನೇಕಕ್ಕೆ ಬಾಲವುಂಟು, ಇದು ಅತಿವ್ಯಾಪ್ತಿ. ಆದಕಾರಣ ಶಾಸ್ತ್ರಜ್ಞರು ಬಾಲವನ್ನು ಬಿಟ್ಟು ಬೇರೆ ಗುರುತುಗಳನ್ನು ಆಶ್ರಯಿಸಿದರು. ಮರಿಹುಳುವನ್ನು ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ, ವಾಸನೆ ಬೀರುವ ಒಂದು ಅಂಗವು ಹೊರಚಾಚುವುದು ಈ ಕುಲದ ಅಸಾಧಾರಣ ಧರ್ಮ. ಬೆಳೆದ ಚಿಟ್ಟೆಯಲ್ಲಿ ರೆಕ್ಕೆಯ ನಾಳಗಳ ವಿನ್ಯಾಸವು ಪ್ರಮಾಣವಾಗುತ್ತದೆ.

ಕುಲನಿರ್ಣಯದಲ್ಲಿಯೇ ಇಷ್ಟು ಎಚ್ಚರಿಕೆ ಬೇಕಾದ ಮೇಲೆ ಜಾತಿನಿರ್ಣಯದ ಕಷ್ಟವನ್ನು ಹೇಳಬೇಕಾದುದಿಲ್ಲ. ಇದಕ್ಕೆ ಪಾಪಿಲಿಯೊ ಪಾಲಿಟೆಸ್ ಎಂಬ ಚಿಟ್ಟೆಯ ಚರಿತ್ರೆಯು ಉತ್ತಮವಾದ ನಿದರ್ಶನ. ಇದು ಭಾರತ, ಸಿಂಹಳ ಮತ್ತು ಪೂರ್ವದೇಶಗಳಲ್ಲಿ ಸಾಮಾನ್ಯವಾಗಿ ಕಾಣಬರುತ್ತದೆ. ಕರಿಬೇವು, ನಿಂಬೆ, ಬಿಲ್ವಗಳ ಎಲೆಗಳೇ ಇದರ ಮರಿಹುಳುಗಳಿಗೆ ಆಹಾರ. ಗಂಡು ಕಪ್ಪು, ಹಿಂದಿನ ರೆಕ್ಕೆಯ ಮೇಲೆ ಬಿಳಿಯ ಮಚ್ಚೆಗಳ ಸಾಲೊಂದಿದೆ. ಹೆಣ್ಣಾದರೋ ಈ ಪ್ರಾಂತಗಳಲ್ಲಿ ಮೂರು ರೂಪಗಳಲ್ಲಿ ಕಾಣುತ್ತದೆ. ಒಂದು ಗಂಡಿನಂತೆಯೇ ಇರುವುದು. ಎರಡನೆಯದು ಈಶ್ವರಿ ಬಳ್ಳಿಯಲ್ಲಿ ಬೆಳೆಯುವ ಗುಲಾಬಿ ಚಿಟ್ಟೆಯನ್ನೂ, ಮೂರನೆಯದು ಅದೇ ಬಗೆಯ ಬಳ್ಳಿಗಳಲ್ಲಿ ಬೆಳೆಯುವ ಕಡುಗೆಂಪು ಗುಲಾಬಿ ಚಿಟ್ಟೆಯನ್ನೂ ಹೋಲುವುದು. ಈ ಬಳ್ಳಿಯ ವಿಷವು ಗುಲಾಬಿ ಚಿಟ್ಟೆಗಳ ಮೈಯಲ್ಲಿ ಸೇರಿರುವುದರಿಂದ ಹಕ್ಕಿಗಳು ಅವನ್ನು ವರ್ಜಿಸುತ್ತವೆ. ವಿಷವಿಲ್ಲದ ಹೆಣ್ಣು ಅವುಗಳ ವೇಷದಿಂದ ಪ್ರಾಣವನ್ನು ಉಳಿಸಿಕೊಳ್ಳುತ್ತದೆ. ಪಾತರವೆಂಬುದು ಪಾತ್ರ ಶಬ್ದದ ತದ್ಭವವಷ್ಟೆ. ಪಾತರಗಿತ್ತಿಯೆಂಬ ಕನ್ನಡ ಹೆಸರು ಈ ವೇಷಧಾರಿಣಿಗೆ ಚೆನ್ನಾಗಿ ಒಪ್ಪುತ್ತದೆ.

ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿ ಪ್ರಾಣಿಗಳಿಗೆ ಹೆಸರಿಟ್ಟಾಗ ಅವನ ಮುಂದಿದ್ದುದು ಆಕೃತಿ ಮಾತ್ರ. ಅವನು ಗ್ರೀಕರ ಪುರಾಣದಿಂದ ಹೆಸರುಗಳನ್ನು ಆರಿಸಿ, ಗಂಡಿನ ರೂಪಕ್ಕೆ ಪಾಮನ್ ಎಂದೂ ವೇಷ ಧರಿಸಿದ ಹೆಣ್ಣಿಗೆ ಪಾಲಿಟೆಸ್ ಎಂದೂ ನಾಮಕರಣ ಮಾಡಿದನು. ಇವರಿಬ್ಬರೂ ಟ್ರಾಯ್ ನಗರದ ಅರಸನಾದ ಪ್ರಿಯಮನ ಮಕ್ಕಳು. ಕಡುಗೆಂಪು ಗುಲಾಬಿಗೆ ಅವರ ಅಣ್ಣನಾದ ಹೆಕ್ಟರನ ಹೆಸರು ಬಂದಿತು. ತರುವಾಯ ಡಚ್ ಗ್ರಂಥಕಾರನಾದ ಕ್ರಾಮರನು ಮೂರನೆಯ ರೂಪವನ್ನು ರೊಮುಲಸ್ ಎಂದು ಕರೆದನು. ಹೀಗೆ ಒಂದೇ ಜಾತಿಗೆ ಮೂರು ಹೆಸರುಗಳಾದವು.

ಈ ಭ್ರಾಂತಿಯು ನಿವಾರಣೆಯಾದುದು ಹೇಗೆ? ರೊಮುಲಸ್ ಎಂಬುದರಲ್ಲಿ ದೊರೆತುದೆಲ್ಲವೂ ಹೆಣ್ಣೇ. ಗಂಡಿಲ್ಲದ ಜಾತಿಯು ಹೇಗೆ ಸಂಭವಿಸೀತು? ಆಲ್ಫ್ರೆಡ್ ರಸೆಲ್ ವಾಲೇಸನು ಮಲಯ ಪ್ರಾಂತದ ಈ ಕುಲವನ್ನು ಕುರಿತು 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಂದೇ ಜಾತಿಯ ಹೆಣ್ಣು ಬಹುರೂಪಗಳನ್ನು ತಾಳಬಲ್ಲುದೆಂದು ಪ್ರತಿಪಾದಿಸಿದನು. 1910ರ ದಶಕದಲ್ಲಿ ಫ್ರೈಯರನು ಸಿಂಹಳದಲ್ಲಿ ಈ ಚಿಟ್ಟೆಗಳನ್ನು ತಲೆಮಾರುಗಳವರೆಗೆ ಸಾಕಿ, ಒಬ್ಬಳೇ ತಾಯಿಯ ಮೊಟ್ಟೆಗಳಿಂದ ಭಿನ್ನರೂಪದ ಹೆಣ್ಣುಗಳು ಹುಟ್ಟುವುದನ್ನು ಪ್ರತ್ಯಕ್ಷವಾಗಿ ತೋರಿಸಿದನು. ಅನುಮಾನಕ್ಕೆ ಪ್ರತ್ಯಕ್ಷವು ಬೆಂಬಲವಾಯಿತು. 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಅವರ ಸಹೋದ್ಯೋಗಿಗಳೂ, ಈ ವೇಷಭೇದಕ್ಕೆ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಕಾರಣವೆಂದು ಪ್ರಕಟಿಸಿದರು. ಗಂಡು ಕೂಡ ಈ ಬೀಜವನ್ನು ಹೊತ್ತು ಸಂತಾನಕ್ಕೆ ಕೊಡಬಲ್ಲುದು. ಆದರೆ ಅದರ ರೆಕ್ಕೆಯಲ್ಲಿ ಅದು ವ್ಯಕ್ತವಾಗುವುದಿಲ್ಲ.

ಇನ್ನು ಸಂಗ್ರಹದಲ್ಲಿರುವ ಮಾದರಿಯನ್ನು ಗುರುತಿಸುವ ಕ್ರಮ. ಮೊದಲು ರೆಕ್ಕೆಯ ಬಣ್ಣವನ್ನು ಬಿಟ್ಟು ಒಡಲನ್ನು ನೋಡತಕ್ಕುದು. ಗುಲಾಬಿ ಚಿಟ್ಟೆಗಳ ತಲೆ ಮತ್ತು ಉದರದ ತುದಿ ಕೆಂಪು. ವೇಷಧಾರಿಣಿಯ ಒಡಲು ಕಪ್ಪು. ರೆಕ್ಕೆಯು ಎಷ್ಟು ನಟಿಸಿದರೂ ಒಡಲು ನಿಜವನ್ನು ನುಡಿಯುತ್ತದೆ. ಹಳೆಯ ಮಾದರಿಗಳಲ್ಲಿ ಕೆಂಪು ಮಾಸಿರಬಹುದು, ಬಾಲವು ಮುರಿದಿರಬಹುದು, ಉದರವನ್ನು ಕೀಟಗಳು ತಿಂದಿರಬಹುದು. ಆಗ ನಾಳವಿನ್ಯಾಸವನ್ನೂ, ಉದರವು ಉಳಿದಿದ್ದರೆ ಜನನಾಂಗಗಳನ್ನೂ ಪರೀಕ್ಷಿಸಬೇಕು. ಕಡೆಯದಾಗಿ ಸೂಜಿಯಲ್ಲಿರುವ ಚೀಟಿ. ಊರು, ತಿಂಗಳು, ವರ್ಷ ಇವುಗಳಿಲ್ಲದ ಮಾದರಿಯು ಕಾಲದೇಶಗಳಿಲ್ಲದ ಓಲೆಗರಿಯಂತೆ. ಅದರಿಂದ ಸೌಂದರ್ಯವು ದೊರೆಯುವುದೇ ಹೊರತು ಸಾಕ್ಷ್ಯವು ದೊರೆಯುವುದಿಲ್ಲ. ರೊಮುಲಸ್ ರೂಪವು ಹೆಕ್ಟರ್ ಇರುವ ನಾಡುಗಳಲ್ಲಿಯೇ ಕಾಣುವುದೆಂಬ ಸಂಗತಿಯು ತಿಳಿದುಬಂದುದು ಇಂಥ ಚೀಟಿಗಳ ಮೂಲಕವೇ.

ಪದದ ಅರ್ಥವು ವ್ಯಕ್ತಿಯೋ, ಆಕೃತಿಯೋ, ಜಾತಿಯೋ ಎಂದು ನ್ಯಾಯಸೂತ್ರಕಾರನು ವಿಚಾರಿಸಿದ್ದಾನೆ. ಸೂಜಿಯಲ್ಲಿರುವುದು ವ್ಯಕ್ತಿ; ಕಣ್ಣಿಗೆ ತೋರುವುದು ಆಕೃತಿ; ಜಾತಿಯಾದರೋ ಜನ್ಮಪರಂಪರೆಯನ್ನು ಶೋಧಿಸಿದ ಮೇಲೆ ತಿಳಿಯತಕ್ಕುದು. ಗ್ರಂಥಸಂಪಾದನೆಯಲ್ಲಿಯೂ ಹೀಗೆಯೇ: ನೋಟಕ್ಕೆ ದೂರವಾದ ಎರಡು ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದಿರಬಹುದು, ಹತ್ತಿರವೆಂದು ತೋರುವ ಎರಡು ಪ್ರತಿಗಳ ಮೂಲಗಳು ಬೇರೆಯಾಗಿರಬಹುದು. ಸಾದೃಶ್ಯವು ವಿಚಾರಕ್ಕೆ ಆರಂಭವೇ ಹೊರತು ನಿರ್ಣಯವಲ್ಲ.